ದೊಡ್ಡ ಎಂಜಿನ್ ಈಗಲೇ ಬೇಡ

ಪ್ರಶ್ನೆ: ಸಾರ್, ನಾನು ಅಮೆರಿಕದ ಮಿಷಿಗನ್‌ನಲ್ಲಿದ್ದೇನೆ. 1972ರ ಶೆವ್ರೊಲೆ ನೋವಾ ತಗೊಂಡು ಎರಡು ವರ್ಷದಿಂದ ಗ್ಯಾರೇಜಿನಲ್ಲಿ ನಾನೇ ರೆಡಿ ಮಾಡ್ತಿದ್ದೇನೆ. 350 ಕ್ಯೂಬಿಕ್ ಇಂಚಿನ ವಿ8 ಎಂಜಿನ್. ಮೊದಲ ಸಲ ನೇರ ಓಟದ ರೇಸ್ ಟ್ರ್ಯಾಕಿಗೆ, ಅಂದರೆ ಡ್ರ್ಯಾಗ್ ಸ್ಟ್ರಿಪ್‌ಗೆ ಒಯ್ದಾಗ ಕಾಲು ಮೈಲಿಗೆ 15.2 ಸೆಕೆಂಡ್ ಬಂತು. ಹೊರಡುವಾಗ ಹಿಂಭಾಗ ಧಡಧಡ ಕುಣಿಯುತ್ತೆ. ಗೆಳೆಯರು 454 ಇಂಚಿನ ದೊಡ್ಡ ಎಂಜಿನ್ (ಬಿಗ್ ಬ್ಲಾಕ್) ಕೂರಿಸು ಅಂತಾರೆ. ಕೂರಿಸಲೇ?

ಉತ್ತರ: ಈಗ ಬೇಡ. ಇರುವ ಬಲವನ್ನೇ ಟೈರ್ ನೆಲಕ್ಕೆ ಮುಟ್ಟಿಸುತ್ತಿಲ್ಲ, ಅದರ ಮೇಲೆ ಬಿಗ್ ಬ್ಲಾಕ್ ಹಾಕಿದರೆ ಮುಂದೆ ಭಾರವೂ ಜಾಸ್ತಿ, ಹಿಂದೆ ಹೊಗೆಯೂ ಜಾಸ್ತಿ.

ನಿಮ್ಮ ಕಾರಿನ ಹಿಂದಿನ ಆಕ್ಸಲ್ ಲೀಫ್ ಸ್ಪ್ರಿಂಗ್ ಮೇಲೆ ಕೂತಿದೆ, ಲಾರಿಗೆ ಇರುತ್ತಲ್ಲ, ಅಂಥದ್ದು. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಚಕ್ರ ಮುಂದಕ್ಕೆ ತಿರುಗುತ್ತೆ, ಆಕ್ಸಲ್ ಅದಕ್ಕೆ ಉಲ್ಟಾ ತಿರುಚಿಕೊಳ್ಳುತ್ತೆ, ಎರಡು ಹಿಂಚಕ್ರಕ್ಕೆ ಬಲ ಹಂಚುವ ಡಿಫರೆನ್ಷಿಯಲ್‌ನ ಮೂತಿ ಮೇಲೇಳುತ್ತೆ, ಸ್ಪ್ರಿಂಗ್ ಹಾವಿನ ಹಾಗೆ ಬಾಗುತ್ತೆ. ಅದು ಚಿಮ್ಮಿ ವಾಪಸ್ ಬಂದಾಗ ಟೈರ್ ಹಿಡಿತ ಬಿಟ್ಟು ಮತ್ತೆ ಹಿಡಿಯುತ್ತೆ. ಅದೇ ಆ ಕುಣಿತ. ಹೀಗೇ ಓಡಿಸಿದರೆ ಒಂದು ದಿನ ಡ್ರೈವ್ ಶಾಫ್ಟಿನ ಕೀಲು, ಅಂದರೆ ಯೂ-ಜಾಯಿಂಟ್, ಮುರಿದು ಕೈಗೆ ಬರುತ್ತೆ, ದಯವಿಟ್ಟು ತಡ ಮಾಡಬೇಡಿ. ಸ್ಪ್ರಿಂಗ್ ಹಾಗೆ ಬಾಗದಂತೆ ತಡೆಯುವ ಒಂದು ಜೊತೆ ಒಳ್ಳೆ ಟ್ರ್ಯಾಕ್ಷನ್ ಬಾರ್ ಹಾಕಿ, ಸ್ಪ್ರಿಂಗಿನ ಹಳೇ ಬುಷ್‌ಗಳನ್ನೂ ಬದಲಿಸಿ.

ಇನ್ನೊಂದು. ಚಕ್ರ ಜೋರಾಗಿ ತಿರುಗಿಸಿ ಟೈರ್ ಸುಟ್ಟ ಮೇಲೆ ಇಳಿದು ಹಿಂದೆ ಹೋಗಿ ನೋಡಿ. ಕಪ್ಪು ಗೆರೆ ಎರಡಿದೆಯಾ, ಒಂದೇನಾ? ಒಂದೇ ಇದ್ದರೆ ನಿಮ್ಮದು ಓಪನ್ ಡಿಫರೆನ್ಷಿಯಲ್, ಜಾರುವ ಚಕ್ರ ಮಾತ್ರ ಸುಮ್ನೆ ತಿರುಗುತ್ತಿದೆ. 454ಕ್ಕೆ ಇಟ್ಟ ದುಡ್ಡಲ್ಲಿ ಲಿಮಿಟೆಡ್ ಸ್ಲಿಪ್ (ಎರಡೂ ಚಕ್ರಕ್ಕೆ ಬಲ ಕೊಡುವ ಡಿಫರೆನ್ಷಿಯಲ್), 3.73 ಗೇರ್ (ಬೇಗ ವೇಗ ಹಿಡಿಸುವ ಆಕ್ಸಲ್ ಗೇರ್), ರೇಸಿಗೆ ಹಿಡಿತ ಜಾಸ್ತಿ ಇರುವ ಡ್ರ್ಯಾಗ್ ರೇಡಿಯಲ್ ಟೈರ್ ಮೂರೂ ಬಂದು ಇನ್ನೂ ಉಳಿಯುತ್ತೆ. ಹೊಸ ಟೈರ್ ಬರೋವರೆಗೆ, ಅಂದರೆ ಮಾಮೂಲಿ ರಸ್ತೆ ಟೈರಲ್ಲೇ ಓಡಿಸುವಾಗ, ರೇಸಿಗೆ ಮುಂಚೆ ಟೈರ್ ತಿರುಗಿಸಿ ಬಿಸಿ ಮಾಡುವ ಬರ್ನ್‌ಔಟ್ ಜಾಗದ ನೀರನ್ನು ಸುತ್ತಿಹಾಕಿ ಹೋಗಿ. ಟೈರಿನ ಗೀರುಗಳಲ್ಲಿ ನಿಂತ ನೀರು ಸ್ಟಾರ್ಟಿಂಗ್ ಲೈನಿಗೇ ಬಂದು ಸೋರುತ್ತೆ.

ಸ್ಟ್ರಿಪ್‌ನಲ್ಲಿ ಕೊಡುವ ಚೀಟಿಯಲ್ಲಿ ಎಲ್ಲರೂ ಕೊನೆಯ ಸಾಲು ನೋಡ್ತಾರೆ. ನೀವು 60 ಅಡಿಯ ಸಮಯ ನೋಡಿ. ಅಲ್ಲಿ 0.1 ಸೆಕೆಂಡ್ ಉಳಿಸಿದರೆ 1320 ಅಡಿ (ಕಾಲು ಮೈಲಿ) ಮುಗಿಯುವಾಗ ಸುಮಾರು 0.15ರಿಂದ 0.2 ಉಳಿದಿರುತ್ತೆ. ನನಗಂತೂ ಈ ಆಟದಲ್ಲಿ ಅತಿ ಇಷ್ಟವಾದ ಲೆಕ್ಕ ಇದೇ.

13.99 ಸೆಕೆಂಡ್ ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ನಿಯಮದಂತೆ ಹೆಲ್ಮೆಟ್ ಬೇಕೇ ಬೇಕು. ನೀವು ಇವತ್ತೇ ಹಾಕಿಕೊಳ್ಳಿ.

ಪ್ರಶ್ನೆ: ನನ್ನ ಕಾರು ನಿಧಾನ. 11 ಸೆಕೆಂಡಿನ ಕಾರಿನ ಎದುರು ನಿಲ್ಲೋದರಲ್ಲಿ ಅರ್ಥ ಇದೆಯಾ?

ಉತ್ತರ: ಇದೆ! ಬ್ರ್ಯಾಕೆಟ್ ರೇಸ್ ಇರೋದೇ ಅದಕ್ಕೆ. ನಿಮ್ಮ ಕಾರು ಎಷ್ಟು ಸೆಕೆಂಡಲ್ಲಿ ಮುಟ್ಟುತ್ತೆ ಅಂತ ನೀವೇ ಮೊದಲು ಗಾಜಿನ ಮೇಲೆ ಬರೀತೀರಿ. ನೀವು 15.20, ಅವರು 11.00 ಅಂದರೆ ನಿಮ್ಮ ಸ್ಟಾರ್ಟ್ ದೀಪ 4.2 ಸೆಕೆಂಡ್ ಮೊದಲೇ ಹಸಿರಾಗುತ್ತೆ. ಆದರೆ ಬರೆದದ್ದಕ್ಕಿಂತ ಬೇಗ ಮುಟ್ಟಿದರೆ ಸೋತಂತೆ, ಹಾಗಾಗಿ ಪ್ರತಿ ಸಲವೂ ಒಂದೇ ಥರ ಓಡುವ ಕಾರು ಇಲ್ಲಿ ಬಂಗಾರ.

ಮೂರು ಹಳದಿ ದೀಪ ಅರ್ಧರ್ಧ ಸೆಕೆಂಡಿಗೆ ಒಂದೊಂದಾಗಿ ಹತ್ತುತ್ತವೆ. ಹಸಿರಿಗೆ ಕಾಯಬೇಡಿ, ತಡವಾಗುತ್ತೆ. ಮೂರನೇ ಹಳದಿ ಕಂಡ ಕೂಡಲೇ ಬ್ರೇಕ್ ಬಿಡಿ. ಪ್ರಾಕ್ಟೀಸ್ ದಿನ ಬೇಗ ಹೊರಟು ಕೆಂಪು ದೀಪ ಬಿದ್ದರೂ ಪರವಾಗಿಲ್ಲ, ಮತ್ತೆ ಸಾಲಿಗೆ ಹೋಗಿ ನಿಂತ್ಕೊಳ್ಳಿ.