ಪೋಲ್ ಕೆಳಗಿಟ್ಟ ಮೇಲೆ

(ನನ್ನ ಹತ್ತಿರ ಆಪ್ತಸಲಹೆಗೆ ಬಂದ ಒಬ್ಬರ ಕಥೆ, ಅವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಮೂವತ್ತರ ಆಸುಪಾಸಿನವರು, ಕಾರವಾರದ ಕಡೆಯವರು. ಪೋಲ್ ವಾಲ್ಟ್‌ನಲ್ಲಿ, ಅಂದರೆ ಉದ್ದನೆಯ ಕೋಲು (ಪೋಲ್) ಊರಿ ಎತ್ತರದ ಬಾರ್ ದಾಟುವ ಆಟದಲ್ಲಿ, ರಾಜ್ಯಮಟ್ಟದವರೆಗೆ ಹೋಗಿದ್ದರು. ಭುಜದ ನೋವಿನಿಂದ ಸ್ಪರ್ಧೆ ಬಿಟ್ಟು, ಈಗ ಶಾಲೆ ಮಕ್ಕಳಿಗೆ ಕಲಿಸುತ್ತಾರೆ. ನಿದ್ದೆ ಬರೋದಿಲ್ಲ ಅಂತ ನನ್ನ ಹತ್ತಿರ ಬಂದರು.

"ಮೇಡಂ, ಹುಡುಗರು ತಪ್ಪು ಮಾಡಿದ್ರೆ ಸಿಟ್ಟು ತಡೆಯೋದಿಲ್ಲ. ಪೋಲ್ ಕಸಿದುಕೊಂಡು ನಾನೇ ಹಾರಿ ತೋರಿಸ್ತೇನೆ" ಅಂದರು. ಹಾಗೆ ಹಾರಿದ ದಿನ ರಾತ್ರಿಯೆಲ್ಲ ಭುಜ ನೋಯುತ್ತಿತ್ತು. ಒಬ್ಬ ಹುಡುಗಿಗಂತೂ ತಮ್ಮ ಹಳೇ ಪೋಲನ್ನೇ ಕೊಟ್ಟಿದ್ದರು. ಪೋಲನ್ನು ಹಾರುವವರ ತೂಕ ನೋಡಿ ಆರಿಸಬೇಕು. ಗಟ್ಟಿ ಪೋಲ್ ಹಗುರ ಮೈಯವರಿಗೆ ಸರಿಯಾಗಿ ಬಾಗುವುದಿಲ್ಲ, ಹಿಂದಕ್ಕೆ ಎಸೆದುಬಿಡಬಹುದು. ಇದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹುಡುಗಿ ಹೆದರಿ ಬರುವುದನ್ನೇ ಬಿಟ್ಟಳು.

ಕೊನೆಯ ಸ್ಪರ್ಧೆಯ ಬಗ್ಗೆ ಕೇಳಿದೆ. ವಾರ್ಮ್ ಅಪ್‌ನಲ್ಲೇ ಭುಜ ಹಿಡಿದು, ಒಂದೂ ಜಿಗಿತವಿಲ್ಲದೆ ಮನೆಗೆ ಬಂದಿದ್ದರು. ಈ ಆಟದಲ್ಲಿ ಸತತ ಮೂರು ಸಲ ತಪ್ಪಿದರೆ ಹೊರಗೆ. ಗೆದ್ದವರೂ ಸಾಮಾನ್ಯವಾಗಿ ಹಾಗೇ ಮುಗಿಸುತ್ತಾರೆ, ಇನ್ನೂ ಎತ್ತರದ ಬಾರ್ ಬೀಳಿಸಿ. ಇವರಿಗೆ ಆ ಮೂರು ಸೋಲೂ ಸಿಗಲಿಲ್ಲ. ಆ ಬಾಕಿಯನ್ನು ಮಕ್ಕಳಿಂದ ವಸೂಲಿ ಮಾಡುತ್ತಿದ್ದರು ಅಂತ ನನಗನಿಸಿತು. ಹಾಗೇ ಹೇಳಿದೆ. ತುಂಬಾ ಹೊತ್ತು ಅತ್ತರು.

ಆಮೇಲೆ ಪೋಲ್ ವಾಲ್ಟ್ ಕೋಚ್ ಗ್ರೆಗ್ ಡುಪ್ಲಾಂಟಿಸ್ ವಿಷಯ ಬಂತು. ಸ್ವತಃ 5.80 ಮೀಟರ್ ಹಾರಿದವರು. ಅವರ ಕೈಯಲ್ಲೇ ಕಲಿತ ಮಗ ಆರ್ಮಂಡ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 6.25 ಹಾರಿದರು. "ನನ್ನ ಹುಡುಗ ನನ್ನನ್ನು ಮೀರಿದ್ರೆ ನಂಗೆ ಹೊಟ್ಟೆ ಉರಿಯೋದಿಲ್ವಾ ಮೇಡಂ?" ಅಂದರು. ಉರಿಯಬಹುದು, ಅದರಿಂದ ನೀವು ಕೆಟ್ಟವರಾಗೋದಿಲ್ಲ, ಆದರೆ ಅದನ್ನು ಮೈದಾನಕ್ಕೆ ಒಯ್ಯಬೇಡಿ, ಇಲ್ಲಿ ಬಂದು ಹೇಳಿ ಅಂದೆ.

ನಾನು ಕೊಟ್ಟ ಸಲಹೆ ಇಷ್ಟು. ಈ ಸೀಸನ್ ಮುಗಿಯುವವರೆಗೆ ಮಕ್ಕಳೆದುರು ಹಾರಬೇಡಿ. ತೋರಿಸಲೇಬೇಕಾದರೆ ವಿಡಿಯೋ ಇದೆ. ಭುಜವನ್ನು ಡಾಕ್ಟರಿಗೆ ತೋರಿಸಿ. ಆ ಕೊನೆಯ ಸ್ಪರ್ಧೆಯ ಕಥೆಯನ್ನು ನಿಮ್ಮ ಅಕ್ಕನಿಗೆ ಪೂರ್ತಿ ಹೇಳಿ, ಮನೆಯಲ್ಲಿ ನಿಮ್ಮ ಮಾತು ಕೇಳುವವರು ಅವರೊಬ್ಬರೇ. ಹುಡುಗಿಯ ಮನೆಗೆ ಹೋಗಿ ಅಪ್ಪ ಅಮ್ಮನ ಎದುರೇ ತಪ್ಪಾಯ್ತು ಅನ್ನಿ. ವಾಪಸ್ ಬಾ ಅಂತ ಮಾತ್ರ ಕೇಳಬೇಡಿ, ಅದು ಅವಳಿಗೆ ಬಿಟ್ಟಿದ್ದು. ಇನ್ನೊಂದು, ಹಾರುವುದು ಬಂದರೆ ಕಲಿಸುವುದೂ ಬಂತು ಅಂತಲ್ಲ, ಅಲ್ವಾ? ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ (ಎನ್‌ಐಎಸ್) ಕೋಚಿಂಗ್ ಡಿಪ್ಲೊಮಾ ಇದೆ, ಚಿಕ್ಕ ಸರ್ಟಿಫಿಕೇಟ್ ಕೋರ್ಸೂ ಇದೆ. ವಿಚಾರಿಸಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಹಾರಿ ಬೀಳುವ ಮ್ಯಾಟ್ ಹೊರಗೆ ಹಾಕೋಕೇ ಆಗುವುದಿಲ್ಲ. ಆ ತಿಂಗಳುಗಳನ್ನು ಓದಿಗೆ ಇಟ್ಟುಕೊಳ್ಳಿ.

ಹುಡುಗಿಯ ಮನೆಗೆ ಹೋಗಿ ಬಂದಿದ್ದಾರೆ. ಅವಳ ಅಮ್ಮ ಚಾ ಕೊಟ್ಟರಂತೆ, ಹುಡುಗಿ ಹೊರಗೆ ಬರಲಿಲ್ಲವಂತೆ. ನಿದ್ದೆ ಸ್ವಲ್ಪ ಸುಧಾರಿಸಿದೆ. ಕೋರ್ಸಿಗೆ ರಜೆ, ದುಡ್ಡು ಹೊಂದಿಸುವುದು ಹೇಗೆ ಅಂತ ಮುಂದಿನ ಸಲ ಕೂತು ಮಾತಾಡಲಿದ್ದೇವೆ.