ಟ್ಯಾಪ್ ಡ್ಯಾನ್ಸ್: ಶೂ ಸದ್ದಿಗೆ ಜಾಗ ಬಿಡುವ ಹಾಡು ಹುಡುಕಿ

ಪ್ರಶ್ನೆ: ಟ್ಯಾಪ್ ಡ್ಯಾನ್ಸ್ ಕಲಿಯುತ್ತಿದ್ದೇನೆ. ಮೊದಲ ಸಲ ನಾನೇ ಒಂದು ಡ್ಯಾನ್ಸ್ ಕಂಪೋಸ್ ಮಾಡಬೇಕು. ಜೋಶ್ ಇರಲಿ ಅಂತ ಫಾಸ್ಟ್ ಆಗಿರುವ ಪಾಪ್ ಹಾಡು ಆರಿಸಿದೆ. ಆದರೆ ಶೂ ಸದ್ದೇ ಕೇಳಿಸುತ್ತಿಲ್ಲ, ಕಾಲೂ ಹಿಂದೆ ಬೀಳುತ್ತಿದೆ. ಹಾಡು ಬದಲಿಸಬೇಕಾ?

ಉತ್ತರ: ಬದಲಿಸಿ. ಅಭ್ಯಾಸ ಮಾಡುತ್ತಾ ಹೋದರೆ ಕಾಲು ಆ ವೇಗಕ್ಕೆ ಬಂದೀತು. ಸದ್ದು ಕೇಳಿಸದ ತೊಂದರೆ ಮಾತ್ರ ಅಭ್ಯಾಸದಿಂದ ಹೋಗುವುದಿಲ್ಲ. ಟ್ಯಾಪ್ ಮಾಡುವವರು ಡ್ಯಾನ್ಸರೂ ಹೌದು, ಡ್ರಮ್ಮರೂ ಹೌದು ಅಲ್ವಾ? ಈಗಿನ ಎಷ್ಟೋ ಪಾಪ್ ಹಾಡುಗಳಲ್ಲಿ ಡ್ರಮ್ ಸೆಟ್ಟಿನ ಹೈ-ಹ್ಯಾಟ್ (ಜೋಡಿ ತಾಳ), ಸ್ನೇರ್ (ಚುರುಕು ದನಿಯ ಡ್ರಮ್), ಜೊತೆಗೆ ಚಪ್ಪಾಳೆ ಎಲ್ಲಾ ಬಿಡುವಿಲ್ಲದೆ ಬಡಿಯುತ್ತಿರುತ್ತವೆ, ನಿಮ್ಮ ಶೂ ಅಡಿಯ ಲೋಹದ ಪ್ಲೇಟಿನ ಸದ್ದೂ ಅದೇ ಚುರುಕು ದನಿಯದ್ದು, ಹಾಗಾಗಿ ಅದರಲ್ಲೇ ಮುಳುಗಿಹೋಗುತ್ತದೆ. ಬೇಸ್, ಪಿಯಾನೊ ಮುಂದಿರುವ, ಡ್ರಮ್ಸ್ ಹಗುರಾಗಿರುವ ಹಾಡು ಹುಡುಕಿ. ಹಾಡುಗಾರರ ದನಿಯೂ ಒಂದೇ ಸಮನೆ ಇರದಿದ್ದರೆ ಒಳ್ಳೆಯದು.

ಇನ್ನು ವೇಗ. ಇಲ್ಲಿ ಸುಮ್ನೆ ಒಂದು ಲೆಕ್ಕ ಹಾಕಿ. ನಿಮಿಷಕ್ಕೆ 120 ಬೀಟ್ ಇರುವ ಹಾಡಿನಲ್ಲಿ ಬೀಟಿಗೆ ನಾಲ್ಕು ಸದ್ದು ಹೊರಡಿಸಿದರೆ ಸೆಕೆಂಡಿಗೆ 8 ಸದ್ದು. ಅದೇ 180 ಆದರೆ ಸೆಕೆಂಡಿಗೆ 12! ಮೊದಲ ಕಂಪೋಸಿಷನ್‌ಗೆ ಇದು ಬೇಡ. ನಿಮ್ಮ ಅತಿ ಕಷ್ಟದ ಸ್ಟೆಪ್ಪನ್ನು ಹಾಡಿಲ್ಲದೆ ಮಾಡಿ, ಪ್ರತಿ ಸದ್ದೂ ಬಿಡಿಬಿಡಿಯಾಗಿ ಕೇಳುವ ವೇಗ ಯಾವುದು ಅಂತ ಮೆಟ್ರೊನೋಮ್ (ಬೀಟ್ ಎಣಿಸಿ ಟಿಕ್ ಟಿಕ್ ಅನ್ನುವ ಸಾಧನ) ಇಟ್ಟು ನೋಡಿ, ಹಾಡು ಅದಕ್ಕಿಂತ ತುಸು ನಿಧಾನ ಇರಲಿ. ನಿಧಾನದ ಹಾಡು ಸಪ್ಪೆ ಅನ್ನಿಸುತ್ತದೆ ಅಂತ ಹೆದರಬೇಡಿ, ಅದರ ಮೇಲೆ ನಾಲ್ಕು ಬಾರ್ (ಒಂದು ಬಾರ್ ಅಂದರೆ ಸಾಮಾನ್ಯವಾಗಿ ನಾಲ್ಕು ಬೀಟಿನ ಗುಂಪು) ದುಪ್ಪಟ್ಟು ವೇಗದಲ್ಲಿ ಕುಣಿದರೆ ನೋಡುವವರು ಸೆಟೆದು ಕೂರುತ್ತಾರೆ. ಹಾಡೇ ಓಡುತ್ತಿದ್ದರೆ ನೀವು ಇನ್ನೆಲ್ಲಿಗೆ ಓಡುತ್ತೀರಿ?

ಲಯದ ನಡೆಯನ್ನೂ ಗಮನಿಸಿ. ಜಾಝ್‌ನ ತೂಗುವ ಲಯವಾದ ಸ್ವಿಂಗ್‌ನಲ್ಲಿ ಬೀಟನ್ನು ಮೂರು ಪಾಲು ಮಾಡಿದ ಹಾಗೆ, ಮೊದಲ ಸದ್ದಿಗೆ ಹೆಚ್ಚುಕಮ್ಮಿ ಎರಡು ಪಾಲು, ಎರಡನೆಯದಕ್ಕೆ ಒಂದು. ಪಾಪ್, ಫಂಕ್‌ಗಳಲ್ಲಿ ಸಾಮಾನ್ಯವಾಗಿ ಸಮಪಾಲು. ಸ್ವಿಂಗ್‌ನಲ್ಲಿ ಕಲಿತ ಶಫಲ್‌ಗಳನ್ನು (ಕಾಲನ್ನು ಮುಂದಕ್ಕೆ, ಹಿಂದಕ್ಕೆ ಬೀಸಿ ಎರಡು ಸದ್ದು ತೆಗೆಯುವ ಸ್ಟೆಪ್) ಹಾಗೇ ತಂದು ಪಾಪ್ ಹಾಡಿನ ಮೇಲೆ ಇಟ್ಟರೆ ತಪ್ಪು ಎಲ್ಲಿದೆ ಅಂತಾನೇ ಗೊತ್ತಾಗದೆ ಒದ್ದಾಡಬೇಕಾಗುತ್ತದೆ. ನಿಮ್ಮ ಕಾಲು ಹಿಂದೆ ಬೀಳುವುದಕ್ಕೆ ಇದೂ ಕಾರಣ ಇರಬಹುದು.

ಜಾಝ್ ಹಳೇದು ಅಂತ ಮೂಗು ಮುರಿಯಬೇಡಿ. ಟ್ಯಾಪ್ ಅದರ ಜೊತೆಯಲ್ಲೇ ಬೆಳೆದದ್ದು, ಅಳತೆಯೂ ಹೊಂದುತ್ತದೆ. ಟೈಮ್ ಸ್ಟೆಪ್ (ಒಂದೇ ಲಯವನ್ನು ಮತ್ತೆ ಮತ್ತೆ ಕುಣಿಯುವ ಟ್ಯಾಪ್‌ನ ಮೂಲ ಸ್ಟೆಪ್) ಸಾಮಾನ್ಯವಾಗಿ ಆರು ಬಾರ್, ಆಮೇಲೆ ಎರಡು ಬಾರ್ ಬ್ರೇಕ್, ಅಂದರೆ ಆ ಲಯ ಮುರಿದು ಮುಗಿಸುವ ಬೇರೆ ಸ್ಟೆಪ್, ಒಟ್ಟು ಎಂಟು. ಜಾಝ್‌ನ 32 ಬಾರ್ ಹಾಡಿಗೆ ಇದು ಸರಿಯಾಗಿ ಕೂರುತ್ತದೆ. 12 ಬಾರ್ ಬ್ಲೂಸ್ ತಗೊಂಡರೆ ಹೊಸದಾಗಿ ಲೆಕ್ಕ ಹಾಕಬೇಕು. ಹಾಗಂತ ಜಾಝೇ ಆಗಬೇಕು ಅಂತಿಲ್ಲ, ಅಮೆರಿಕದ ಟ್ಯಾಪ್ ಡ್ಯಾನ್ಸರ್ ಸೇವಿಯನ್ ಗ್ಲೋವರ್ 1990ರ ದಶಕದಲ್ಲೇ ಹಿಪ್-ಹಾಪ್, ಫಂಕ್ ಲಯಗಳಿಗೆ ಟ್ಯಾಪ್ ಮಾಡಿ ತೋರಿಸಿದ್ದಾರೆ.

ನನ್ನ ಮೆಚ್ಚಿನದು ಸ್ಟಾಪ್-ಟೈಮ್. ವಾದ್ಯದವರು ಬಾರಿನ ಮೊದಲ ಬೀಟಿಗೆ ಒಂದು ಪೆಟ್ಟು ಕೊಟ್ಟು ಸುಮ್ಮನಾಗುತ್ತಾರೆ, ಉಳಿದ ಜಾಗವೆಲ್ಲಾ ನಿಮ್ಮದು. ಅಂಥ ಹಾಡು ಸಿಗದಿದ್ದರೆ ಎಡಿಟ್ ಮಾಡಿ ಎಂಟು ಬಾರ್ ಸಂಗೀತ ತೆಗೆದುಬಿಡಿ, ಬರೀ ಶೂ ಸದ್ದು ಇರಲಿ. ಆದರೆ ಸಂಗೀತ ವಾಪಸ್ ಬರುವಾಗ ನೀವು ಅದೇ ಬೀಟಿನ ಮೇಲೆ ಇರಬೇಕು, ಅಷ್ಟು ಧೈರ್ಯ ಬರುವ ತನಕ ನಾಲ್ಕೇ ಬಾರ್ ಸಾಕು. ಕೊನೆಗೆ ಮೆಲ್ಲಗೆ ಕರಗಿಹೋಗುವ ಹಾಡು ಬೇಡವೇ ಬೇಡ, ಕೊನೇ ಪೆಟ್ಟು ಎಲ್ಲಿ ಹಾಕೋದು ಅಂತ ಕಾಲಿಗೆ ಗೊತ್ತಾಗುವುದಿಲ್ಲ.