ಐಸ್ ಹಾಕಿಯಲ್ಲಿ ದೊಡ್ಡ ಆಟಗಾರರು ಒಳ್ಳೆಯ ಕೋಚ್ ಆಗುತ್ತಾರೆಯೇ?

ಐಸ್ ಹಾಕಿಯಲ್ಲಿ ಹೆಸರು ಮಾಡಿದವರು ಕೋಚ್ ಆಗಿಯೂ ಗೆಲ್ಲುತ್ತಾರೆಯೇ, ಇಲ್ಲ ಹಳೆಯ ಹೆಸರಿನ ಬಲದ ಮೇಲೆ ಕೆಲಸ ಗಿಟ್ಟಿಸುತ್ತಾರೆಯೇ ಎಂದು ಕೇಳಿದ್ದೀರಿ. ಎರಡಕ್ಕೂ ಉದಾಹರಣೆಗಳಿವೆ. ಈ ಆಟದ ಅತಿ ದೊಡ್ಡ ಹೆಸರಾದ ವೇಯ್ನ್ ಗ್ರೆಟ್ಸ್ಕಿ 2005ರಿಂದ 2009ರವರೆಗೆ ಫೀನಿಕ್ಸ್ ತಂಡಕ್ಕೆ ಕೋಚ್ ಆಗಿದ್ದರು. ತಂಡ ಒಮ್ಮೆಯೂ ಪ್ಲೇಆಫ್, ಅಂದರೆ ಋತುವಿನ ಕೊನೆಯ ನಾಕೌಟ್ ಸುತ್ತುಗಳ, ಮುಖ ನೋಡಲಿಲ್ಲ.

ನಾನು ಇರುವುದು ನಾರ್ತ್ ಕ್ಯಾರೊಲೈನಾದ ರಾಲಿ ಪಕ್ಕದಲ್ಲಿ. ಆದ್ದರಿಂದ ಇಲ್ಲಿನ ಹರಿಕೇನ್ಸ್ ತಂಡದ ರಾಡ್ ಬ್ರಿಂಡಮೋರ್ ಅವರ ಬಗ್ಗೆ ಹೇಳುತ್ತೇನೆ. ಪಕ್ಷಪಾತವಿದೆ ಎಂದುಕೊಂಡೇ ಓದಿ.

1970ರಲ್ಲಿ ಕೆನಡಾದ ಒಟ್ಟಾವದಲ್ಲಿ ಹುಟ್ಟಿದ ಅವರು ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ 1988ರ ಆಯ್ಕೆಯಲ್ಲಿ ಒಂಬತ್ತನೆಯವರಾಗಿ ಸೇಂಟ್ ಲೂಯಿಸ್ ಪಾಲಾದರು. ಆಮೇಲೆ ಫಿಲಡೆಲ್ಫಿಯಾ, 2000ರ ಜನವರಿಯಲ್ಲಿ ಕ್ಯಾರೊಲೈನಾ, ಅಂದರೆ ಹರಿಕೇನ್ಸ್. ಫಿಲಡೆಲ್ಫಿಯಾದಲ್ಲಿ ಸತತ 484 ಪಂದ್ಯಗಳನ್ನು ಒಂದೂ ತಪ್ಪಿಸದೆ ಆಡಿದರು. ಒಟ್ಟು 1,484 ಪಂದ್ಯ, 452 ಗೋಲು. ಗ್ರೆಟ್ಸ್ಕಿಯ 894 ಗೋಲುಗಳ ಮುಂದೆ ಇದು ಅರ್ಧವಷ್ಟೇ. ಆದರೆ ಬ್ರಿಂಡಮೋರ್ ಹೆಸರು ಮಾಡಿದ್ದು ಬೇರೆಯ ಕೆಲಸಕ್ಕೆ.

ಐಸ್ ಹಾಕಿಯಲ್ಲಿ ಆಟ ನಿಂತಾಗಲೆಲ್ಲ ಪಂದ್ಯದ ಅಧಿಕಾರಿ ರಬ್ಬರಿನ ಬಿಲ್ಲೆಯನ್ನು, ಅಂದರೆ ಪಕ್ ಅನ್ನು, ಇಬ್ಬರು ಆಟಗಾರರ ನಡುವೆ ಬೀಳಿಸುತ್ತಾರೆ. ಇದಕ್ಕೆ ಫೇಸ್‌ಆಫ್ ಎನ್ನುತ್ತಾರೆ. ನೆಲಕ್ಕೆ ಬಾಗಿ, ಬೀಳಿಸುವ ಕೈಯ ಮೇಲೇ ಕಣ್ಣಿಟ್ಟು, ಅರೆಕ್ಷಣದಲ್ಲಿ ಪಕ್ ಅನ್ನು ತನ್ನವರ ಕಡೆ ಹಿಂದಕ್ಕೆ ಎಳೆಯಬೇಕು. ಯಾರೂ ಚಪ್ಪಾಳೆ ತಟ್ಟದ ಈ ಕೆಲಸದಲ್ಲಿ ಅವರು ನಿಪುಣರು. ರಕ್ಷಣೆಯಲ್ಲಿ ಅತ್ಯುತ್ತಮನಾದ ಫಾರ್ವರ್ಡ್ ಆಟಗಾರನಿಗೆ ಕೊಡುವ ಸೆಲ್ಕಿ ಪ್ರಶಸ್ತಿ 2006 ಮತ್ತು 2007ರಲ್ಲಿ ಅವರಿಗೇ ಬಂತು.

ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗಿನ ಚಾಂಪಿಯನ್ನರಿಗೆ ಸಿಗುವುದು ಸ್ಟಾನ್ಲಿ ಕಪ್. ಏಳು ಪಂದ್ಯಗಳವರೆಗೆ ಸಾಗಬಹುದಾದ ಅದರ 2006ರ ಫೈನಲ್‌ನ ಮೊದಲ ಪಂದ್ಯದಲ್ಲೂ ಅದೇ ಗುಣ ಕಂಡಿತು. 4–4 ಸಮ, ಉಳಿದಿದ್ದು ಅರ್ಧ ನಿಮಿಷ. ಎಡ್ಮಂಟನ್‌ನ ಬದಲಿ ಗೋಲ್‌ಕೀಪರ್ ಬಲೆಯ ಹಿಂದೆ ಹೋಗಿ ಪಕ್ ಕೈಚೆಲ್ಲಿದಾಗ ಖಾಲಿ ಬಲೆಯ ಮುಂದೆ ಹಾಜರಿದ್ದವರು ನಾಯಕ ಬ್ರಿಂಡಮೋರ್. ಅದೃಷ್ಟ ಎಂದವರಿದ್ದಾರೆ. ಪಂದ್ಯದ ಕೊನೆಯ ಗಳಿಗೆಯಲ್ಲೂ ದಣಿವು ಮರೆತು ಬಲೆಯವರೆಗೆ ಓಡಿದವನಿಗೆ ಮಾತ್ರ ಸಿಗುವ ಅದೃಷ್ಟ ಅದು. ಏಳನೆಯ ಪಂದ್ಯ ಗೆದ್ದ ಮೇಲೆ, ಲೀಗ್ ಮುಖ್ಯಸ್ಥರ ಜೊತೆ ಫೋಟೋಗೆ ನಿಲ್ಲುವ ವ್ಯವಧಾನವೂ ಇಲ್ಲದೆ ಕಪ್ ಅನ್ನು ಕಿತ್ತುಕೊಂಡಂತೆ ಎತ್ತಿದರು.

2010ರಲ್ಲಿ ನಿವೃತ್ತಿ. ಆ ಋತುವಿನ ನಡುವೆಯೇ ನಾಯಕತ್ವವನ್ನು ಕಿರಿಯ ಎರಿಕ್ ಸ್ಟಾಲ್‌ಗೆ ಬಿಟ್ಟುಕೊಟ್ಟು ಅವರ ಕೈಕೆಳಗೆ ಆಡಿದ್ದರು. ಮುಂದೆ 2011ರಿಂದ ಏಳು ವರ್ಷ ಸಹಾಯಕ ಕೋಚ್. ಗ್ರೆಟ್ಸ್ಕಿ ನೇರವಾಗಿ ಮುಖ್ಯ ಕೋಚ್ ಕುರ್ಚಿಯಲ್ಲೇ ಕುಳಿತಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು.

2018ರಲ್ಲಿ ಮುಖ್ಯ ಕೋಚ್ ಆದಾಗ ತಂಡ ಸತತ ಒಂಬತ್ತು ಋತು ಪ್ಲೇಆಫ್ ತಲುಪಿರಲಿಲ್ಲ. ಅವರು ನಾಯಕನನ್ನಾಗಿ ಆರಿಸಿದ್ದು 2006ರ ತಮ್ಮ ಜೊತೆಗಾರ ಜಸ್ಟಿನ್ ವಿಲಿಯಮ್ಸ್ ಅವರನ್ನು. ಮೊದಲ ವರ್ಷವೇ ಹಾಲಿ ಚಾಂಪಿಯನ್ ವಾಷಿಂಗ್ಟನ್ ವಿರುದ್ಧ ಏಳನೆಯ ಪಂದ್ಯ ಎರಡನೇ ಹೆಚ್ಚುವರಿ ಅವಧಿಗೆ ಹೋಯಿತು. ವಿಲಿಯಮ್ಸ್ ಬಲೆಯ ಕಡೆಗೆ ತಳ್ಳಿದ ಪಕ್ ಅನ್ನು ಜೊತೆಯ ಆಟಗಾರ ಬ್ರಾಕ್ ಮೆಗಿನ್ ಒಳಗೆ ತಿರುಗಿಸಿ ಗೆಲ್ಲಿಸಿದರು. ಅಲ್ಲಿಂದ 2025ರವರೆಗೆ ಒಂದು ಋತುವೂ ಪ್ಲೇಆಫ್ ತಪ್ಪಿಲ್ಲ. 2021ರಲ್ಲಿ ವರ್ಷದ ಕೋಚ್ ಪ್ರಶಸ್ತಿಯೂ ಬಂತು.

ಅವರ ತಂಡದ ಆಟ ಸರಳ: ಎದುರಾಳಿಗೆ ಉಸಿರಾಡಲು ಬಿಡದೆ ಬೆನ್ನಟ್ಟು, ಪಕ್ ಸಿಕ್ಕ ಕೂಡಲೇ ಬಲೆಯತ್ತ ಹೊಡೆ. ಗ್ರೆಟ್ಸ್ಕಿಯ ಕಣ್ಣನ್ನು ಯಾರಿಗೂ ಕಲಿಸಲಾಗದು. ಬ್ರಿಂಡಮೋರ್ ಆಡಿದ ಆಟವನ್ನು ಮೈಮುರಿದು ದುಡಿಯುವ ಯಾರಿಗಾದರೂ ಕಲಿಸಬಹುದು. ವ್ಯತ್ಯಾಸ ಇರುವುದು ಇಲ್ಲೇ ಎಂದು ನನ್ನ ಅನಿಸಿಕೆ.

ಕೊರತೆಯೂ ಇದೆ. 2019, 2023, 2025 — ಮೂರು ಸಲವೂ ಫೈನಲ್‌ಗೆ ಒಂದೇ ಸುತ್ತು ಬಾಕಿ ಇರುವಾಗ ಸೋತರು. 2023ರಲ್ಲಂತೂ ಫ್ಲೋರಿಡಾ ಎದುರು ನಾಲ್ಕಕ್ಕೆ ನಾಲ್ಕೂ ಹೋಯಿತು, ಎಲ್ಲವೂ ಒಂದೊಂದೇ ಗೋಲಿನ ಅಂತರದಲ್ಲಿ. ಗೋಲು ಬೇಕೇಬೇಕಾದ ಹೊತ್ತಿಗೆ ಬರೀ ದುಡಿಮೆ ಸಾಲದು ಎಂದು ಟೀಕಿಸುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ.

ನನ್ನ ವಾದಕ್ಕೆ ಅಡ್ಡ ಬರುವ ಹೆಸರನ್ನೂ ಹೇಳಿಬಿಡುತ್ತೇನೆ: ಮಾರ್ಟಿನ್ ಸೇಂಟ್ ಲೂಯಿ. ಗೋಲು ಗಳಿಕೆಯ ತಾರೆ, ವೃತ್ತಿಪರ ತಂಡಕ್ಕೆ ಮುಖ್ಯ ಕೋಚ್ ಆದ ಅನುಭವ ಶೂನ್ಯ, ಮಕ್ಕಳ ತಂಡಕ್ಕೆ ಕಲಿಸುತ್ತಿದ್ದವರು 2022ರ ಫೆಬ್ರುವರಿಯಲ್ಲಿ ನೇರವಾಗಿ ಮಾಂಟ್ರಿಯಲ್ ಕೋಚ್ ಆದರು. 2025ರಲ್ಲಿ ತಂಡವನ್ನು ಪ್ಲೇಆಫ್‌ಗೂ ಕರೆತಂದರು. ಆದರೆ ಆಟಗಾರನಾಗಿ ಶುರುವಿನಲ್ಲಿ ಅವರನ್ನು ಯಾವ ತಂಡವೂ ಆಯ್ಕೆ ಮಾಡಿರಲಿಲ್ಲ; ಅವರೂ ದುಡಿದೇ ಮೇಲೆ ಬಂದವರು.